ಹತ್ತು ಹುಚ್ಚು, ಒಂದು ಗೋಡೆ

‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ‘ದೇಶ ಸುತ್ತು, ಕೋಶ ಓದು’ ಎಂದೂ ಅವರೇ ಹೇಳಿದ್ದಾರೆ. ಮೊದಲನೆಯ ಮಾತನ್ನು ನಂಬಿದವನು ಒಂದು ಕಸುಬು ಹಿಡಿದು, ಕಣ್ಣು ಅತ್ತಿತ್ತ ಹೊರಳದಂತೆ ಕುಳಿತಿರಬೇಕು. ಎರಡನೆಯದನ್ನು ನಂಬಿದವನು ಕೇಳಿದ ಊರಿಗೆಲ್ಲ ಹೋಗಬೇಕು, ಸಿಕ್ಕಿದ ಪುಸ್ತಕವನ್ನೆಲ್ಲ ತೆರೆಯಬೇಕು. ಗಾದೆಗಳು ಒಂದಕ್ಕೊಂದು ಹೀಗೆ ಎದುರು ನಿಲ್ಲುವುದು ಹೊಸದೇನಲ್ಲ. ಆದರೆ ಇವೆರಡರ ನಡುವೆ ಸಿಕ್ಕಿಕೊಂಡು ಒದ್ದಾಡುವವನೊಬ್ಬನಿದ್ದಾನೆ. ಅವನೇ ಹಲವು ಹವ್ಯಾಸಗಳ ಮನುಷ್ಯ.

ಅವನನ್ನು ನಾವೆಲ್ಲ ಬಲ್ಲೆವು. ಬಡಾವಣೆಗೊಬ್ಬನಾದರೂ ಇದ್ದೇ ಇರುತ್ತಾನೆ. ಬೆಳಿಗ್ಗೆ ಪಿಟೀಲು, ಹಗಲೆಲ್ಲ ಆಫೀಸು, ಸಂಜೆ ಗುಲಾಬಿ ಗಿಡ, ರಾತ್ರಿ ಹಳಗನ್ನಡ, ಭಾನುವಾರ ಕ್ಯಾಮೆರಾ. ಅವನ ಮಾತು ಸೊಗಸು, ಅವನ ಮನೆಗೆ ಹೋಗುವುದು ಹಬ್ಬ. ಆದರೂ ನಾವು ಅವನನ್ನು ಕುರಿತು ಆಡುವ ಮಾತಿನಲ್ಲಿ ಒಂದು ಸಣ್ಣ ಕೊಂಕು ಇರುತ್ತದೆ: ‘ಬುದ್ಧಿವಂತ, ಆದರೆ ಒಂದರಲ್ಲಿ ನಿಲ್ಲಲಿಲ್ಲ.’ ಈ ‘ನಿಲ್ಲಲಿಲ್ಲ’ ಎಂಬುದರಲ್ಲಿ ಕೇವಲ ಅಸಾಫಲ್ಯದ ಲೆಕ್ಕವಿಲ್ಲ, ನಿಷ್ಠೆಯಿಲ್ಲದವನೆಂಬ ಆರೋಪವೂ ಇದೆ. ಹಲವನ್ನು ಪ್ರೀತಿಸುವವನು ಯಾವುದನ್ನೂ ಪ್ರೀತಿಸಲಾರನೆಂದು ನಾವು ಒಳಗೊಳಗೇ ತೀರ್ಪು ಕೊಟ್ಟಿರುತ್ತೇವೆ. ಈ ತೀರ್ಪು ನ್ಯಾಯವೇ ಎಂಬುದು ನನ್ನ ಪ್ರಶ್ನೆ.

ಕಣ್ಣೆದುರಿಗಿರುವ ದೊಡ್ಡ ಉದಾಹರಣೆಯನ್ನು ಮೊದಲು ನೋಡೋಣ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿ 1997ರವರೆಗೆ ಬಾಳಿದರು. ಆ ದೀರ್ಘ ಬಾಳಿನಲ್ಲಿ ಅವರು ಕೈಹಾಕದ ಕೆಲಸವನ್ನು ಹುಡುಕುವುದೇ ಕಷ್ಟ. ಕಾದಂಬರಿ, ನಾಟಕ, ಯಕ್ಷಗಾನ, ಚಿತ್ರಕಲೆಯ ಚರಿತ್ರೆ, ಮೂಕಿ ಚಲನಚಿತ್ರ, ಪುತ್ತೂರಿನ ಬಾಲವನ, ಮಕ್ಕಳಿಗಾಗಿ ಬಾಲಪ್ರಪಂಚ, ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚ, ಇವಿಷ್ಟು ಸಾಲದೆಂಬಂತೆ ದೇಶವಿದೇಶಗಳ ಸುತ್ತಾಟ ಮತ್ತು ಅದರ ಬರೆಹ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ನೆರೆಯವರು ಬೆನ್ನ ಹಿಂದೆ ಆಡಬಹುದಾದ ಮಾತನ್ನು ಅವರೇ ಮುಂದಾಗಿ ರಕ್ಷಾಪತ್ರದ ಮೇಲೆ ಅಚ್ಚು ಹಾಕಿಸಿಬಿಟ್ಟರು!

ಈ ಹತ್ತು ಮುಖಗಳು ಒಂದನ್ನೊಂದು ತಿಂದುಹಾಕಿದವೇ? ನನಗೆ ಹಾಗೆ ಕಾಣುವುದಿಲ್ಲ. ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು. 1977ರ ಜ್ಞಾನಪೀಠ ಪ್ರಶಸ್ತಿಯನ್ನು ಅವರಿಗೆ ತಂದುಕೊಟ್ಟಿತು. ಅದರ ಅಜ್ಜಿ ಒಂದು ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದರೆ ಸಾಕು, ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಗುಡಿ, ಗವಿ, ವಿಗ್ರಹಗಳ ನಡುವೆ ಅಲೆಯದ, ಮನುಷ್ಯನ ಪೂರ್ವಕಥೆಯ ಹುಚ್ಚು ಹಿಡಿಯದ ಬರೆಹಗಾರನಿಗೆ ಆ ಅಜ್ಜಿ ಸಿಕ್ಕುತ್ತಿದ್ದಳೆಂದು ನಾನು ನಂಬಲಾರೆ. ಒಂದು ಹುಚ್ಚಿನ ಬುತ್ತಿ ಇನ್ನೊಂದು ಹುಚ್ಚಿಗೆ ಊಟವಾಯಿತು. ಇಲ್ಲಿ ಒಂದು ಅಳತೆಗೋಲು ದೊರೆಯುತ್ತದೆ. ಒಂದು ಆಸಕ್ತಿಯಿಂದ ಇನ್ನೊಂದಕ್ಕೆ ಹೋಗುವಾಗ ನಾವು ಏನನ್ನಾದರೂ ಹೊತ್ತುಕೊಂಡು ಹೋಗುತ್ತೇವೆಯೋ, ಅಥವಾ ಮೊದಲನೆಯದರಿಂದ ತಪ್ಪಿಸಿಕೊಂಡು ಓಡುತ್ತೇವೆಯೋ? ಹೊತ್ತೊಯ್ದರೆ ಅದು ಬೆಳವಣಿಗೆ. ಓಡಿದರೆ ಅದು ಪಲಾಯನ.

ಆದರೆ ಕಾರಂತರಂಥವರನ್ನು ಮುಂದಿಟ್ಟುಕೊಂಡು ನಮ್ಮನ್ನು ನಾವು ಸಮರ್ಥಿಸಿಕೊಳ್ಳುವುದು ಸುಲಭದ ದಾರಿ. ಸಾಮಾನ್ಯರಾದ ನಮಗೆ ಇರುವುದು ಆರು ದಿನದ ಕೆಲಸ, ಒಂದು ದಿನದ ಬಿಡುವು. ಆದ್ದರಿಂದ ಪ್ರಶ್ನೆಯನ್ನು ನಮ್ಮ ಅಳತೆಗೆ ಇಳಿಸಿ, ಒಂದು ಪ್ರವಾಸದ ತಕ್ಕಡಿಯಲ್ಲಿ ತೂಗೋಣ. ಪ್ರವಾಸದಲ್ಲಿ ಹೊತ್ತು ಎಣಿಕೆಯದು, ಹಣ ಎಣಿಕೆಯದು, ಜೊತೆಯವರ ತಾಳ್ಮೆಯಂತೂ ಅತ್ಯಂತ ಎಣಿಕೆಯದು. ಮನುಷ್ಯ ತನ್ನ ಪ್ರೀತಿಗಳನ್ನು ಹೇಗೆ ಹಂಚುತ್ತಾನೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಊರು ಯಾವುದೆಂದರೆ, ಹಳೇಬೀಡಿಗಿಂತ ತಕ್ಕ ಊರು ನನಗೆ ತೋರದು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಹೊಗಳಿ ಪಶ್ಚಿಮ ದೇಶಗಳಿಗೆ ಪರಿಚಯಿಸಿದವರಲ್ಲಿ ಜೇಮ್ಸ್ ಫರ್ಗುಸನ್ ಮುಖ್ಯನು. ಅವನು ಹುಟ್ಟಾ ಪಂಡಿತನಲ್ಲ. ಕಲ್ಕತ್ತೆಯಲ್ಲಿ ನೀಲಿಯ ವ್ಯಾಪಾರ ಮಾಡಿ ಹಣ ಕೂಡಿಸಿದ ಸ್ಕಾಟ್‍ಲೆಂಡಿನವನು. ಆಮೇಲೆ ಕಟ್ಟಡಗಳ ಹುಚ್ಚು ಹಿಡಿದು ಇಂಡಿಯಾ ದೇಶವನ್ನು ಸುತ್ತಿದ, ಚಿತ್ರ ಬರೆದುಕೊಂಡ, ನಡುವೆ ಕೋಟೆ ಕಟ್ಟುವ ಕ್ರಮದ ಮೇಲೂ ಗ್ರಂಥ ಬರೆದ. 1876ರಲ್ಲಿ ಹೊರಬಂದ ಅವನ ದೊಡ್ಡ ಗ್ರಂಥದಲ್ಲಿ ಅವನು ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್ ಮಂದಿರದ ಎದುರಿಗೆ ನಿಲ್ಲಿಸಿದ್ದಾನೆ. ಎರಡೂ ಕಟ್ಟಡಕಲೆಯ ಎರಡು ಕೊನೆಗಳು ಎಂಬುದು ಅವನ ಮತ. ಪಾರ್ಥೆನಾನಿನಲ್ಲಿ ಎಲ್ಲವೂ ಗಣಿತದಷ್ಟು ನಿಷ್ಕೃಷ್ಟ, ಒಂದೇ ಭಾವ, ಒಂದೇ ಅಳತೆ. ಹಳೇಬೀಡಿನಲ್ಲಿ ಎಲ್ಲವೂ ವೈವಿಧ್ಯ. ಮನುಷ್ಯನ ನಂಬಿಕೆ, ಒಲವು, ಉಲ್ಲಾಸ ಯಾವುದಕ್ಕೂ ಅಲ್ಲಿ ತಡೆಯಿಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಜರೆಯುವುದು ಅವನ ಉದ್ದೇಶವಲ್ಲ. ಮನುಷ್ಯನ ಕಲ್ಪನೆ ಹೋಗಬಲ್ಲ ದೂರ ಎಷ್ಟೆಂದು ತೋರಿಸುವುದಷ್ಟೇ ಅವನಿಗೆ ಬೇಕಾಗಿತ್ತು.

ನನಗೆ ಈ ಹೋಲಿಕೆ ಕಟ್ಟಡಗಳಿಗೆ ಮಾತ್ರವಲ್ಲ, ಮನುಷ್ಯರಿಗೂ ಸಲ್ಲುತ್ತದೆನ್ನಿಸುತ್ತದೆ. ಪಾರ್ಥೆನಾನಿನ ಮನುಷ್ಯರಿದ್ದಾರೆ, ಹಳೇಬೀಡಿನ ಮನುಷ್ಯರಿದ್ದಾರೆ. ಆದರೆ ಹಳೇಬೀಡಿನ ವೈವಿಧ್ಯ ಚೆಲ್ಲಾಪಿಲ್ಲಿಯಲ್ಲ ಎಂಬುದನ್ನು ಗೋಡೆಯ ಹತ್ತಿರ ಹೋದವನೇ ಬಲ್ಲ. ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಮತ್ತೆ ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತ ಭಾಗವತಗಳ ಕಥೆ, ಮಕರ, ಕೊನೆಗೆ ಹಂಸ. ಅಲ್ಲಿಂದ ಮೇಲಕ್ಕೆ ದೇವತೆಗಳು. ಆನೆಗಳ ಸಾಲೊಂದೇ 710 ಅಡಿ ಉದ್ದ ಹರಿಯುತ್ತದೆ, ಅದರಲ್ಲಿ 2000ಕ್ಕೆ ಕಡಿಮೆಯಿಲ್ಲದಷ್ಟು ಆನೆಗಳಿವೆ ಎಂದು ಫರ್ಗುಸನ್ ಲೆಕ್ಕ ಕೊಟ್ಟಿದ್ದಾನೆ. ಗೋಡೆ ಎಲ್ಲಿ ಮೂಲೆ ತಿರುಗುತ್ತದೆಯೋ ಅಲ್ಲಿ ಎಲ್ಲ ಸಾಲುಗಳೂ ಒಟ್ಟಿಗೆ ತಿರುಗುತ್ತವೆ. ಹಂಸಕ್ಕೆ ಮನಸ್ಸು ಬಂತೆಂದು ಅದು ಆನೆಯ ಸಾಲಿಗೆ ಇಳಿಯುವುದಿಲ್ಲ. ಆನೆಯೂ ತನ್ನ ಬಲ ಹೆಚ್ಚೆಂದು ಬಳ್ಳಿಯನ್ನು ತುಳಿಯುವುದಿಲ್ಲ. ಹಲವು ಒಲವುಗಳಿಗೆ ಇರಬೇಕಾದದ್ದು ಇಷ್ಟೇ. ಒಂದೊಂದಕ್ಕೂ ಅದರದರ ಪಟ್ಟಿಕೆ, ಎಲ್ಲಕ್ಕೂ ಸೇರಿ ಒಂದು ಗೋಡೆ. ಭಾರ ಹೊರುವ ಆನೆ ತಳದಲ್ಲಿರಬೇಕು ಎಂಬುದನ್ನೂ ಮರೆಯುವಂತಿಲ್ಲ. ಹೊಟ್ಟೆಪಾಡಿನ ಕಸುಬು, ಮನೆಯವರ ಹೊಣೆ, ಇವು ಆನೆಗಳು. ಹಂಸವನ್ನು ತಳಕ್ಕೆ ಹಾಕಿ ಆನೆಯನ್ನು ಮೇಲಕ್ಕೇರಿಸಿದ ಗೋಡೆ ನಿಂತೀತೆ?

ಇನ್ನೊಂದು ಮಾತುಂಟು. ಒಂದೇ ಕಸುಬನ್ನು ಹಿಡಿದು ಸಿದ್ಧಿ ಪಡೆದವರನ್ನು ಹೊಯ್ಸಳರ ನಾಡು ಚೆನ್ನಾಗಿಯೇ ಬಲ್ಲದು. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಬಿಟ್ಟು ಹೋಗಿದ್ದಾರೆ. ಅವರಿಗೆ ಇದ್ದದ್ದು ಒಂದೇ ಉಳಿ, ಒಂದೇ ಬಳಪದ ಕಲ್ಲು. ಆದರೆ ಆ ಉಳಿ ಕೆತ್ತಿದ್ದೇನು? ಮದ್ದಳೆ ಹಿಡಿದ ಕೈಯ ಬೆರಳು, ತುರುಬಿನ ಗಂಟು, ಸೀರೆಯ ನೆರಿಗೆ, ಬೇಟೆಯ ಬಿಲ್ಲು, ಹಲಸಿನ ಹಣ್ಣಿನ ಮೇಲಿನ ನೊಣ. ಸಂಗೀತ ಕೇಳದ, ನಾಟ್ಯ ನೋಡದ, ಕಥೆ ಕೇಳದ ಶಿಲ್ಪಿ ಇವನ್ನು ಕೆತ್ತಬಲ್ಲನೆ? ಕೈ ಒಂದನ್ನು ಹಿಡಿದಿತ್ತು; ಕಣ್ಣು ಹತ್ತನ್ನು ಪ್ರೀತಿಸಿತ್ತು. ‘ಒಂದು ಮುತ್ತು’ ಕಟ್ಟುವುದಕ್ಕೂ ‘ಹತ್ತು’ ಬೇಕಾಯಿತೆಂದ ಮೇಲೆ ಗಾದೆಗಳ ಜಗಳ ಅರ್ಧ ತೀರಿತು.

ಉಳಿದ ಅರ್ಧವೇ ಕಠಿಣ. ನನ್ನ ಹುಚ್ಚಿನ ಬೆಲೆಯನ್ನು ತೆರುವವರು ಯಾರು? ಫರ್ಗುಸನ್ನನ ರಸಿಕತೆಗೆ ಬಂಡವಾಳ ನೀಲಿಯ ವ್ಯಾಪಾರದಿಂದ ಬಂತು. ನೀಲಿ ಬೆಳೆಯಲು ಬಲವಂತಕ್ಕೆ ಸಿಕ್ಕಿದ ಬಂಗಾಳದ ರೈತ ಪಟ್ಟ ಪಾಡು ಚರಿತ್ರೆಯಲ್ಲಿದೆ. 1859ರಲ್ಲಿ ಆ ರೈತರು ತಿರುಗಿಬಿದ್ದರು. ಗ್ರಂಥದ ಬೆಲೆ ಇದರಿಂದ ಕಡಿಮೆಯಾಗಲಿಲ್ಲ. ಆದರೆ ಅದರ ಖರ್ಚಿನ ಪಟ್ಟಿಯಲ್ಲಿ ಬೇರೆಯವರ ಬೆವರೂ ಇತ್ತು. ದೊಡ್ಡವರ ಮಾತು ಹಾಗಿರಲಿ. ನಮ್ಮ ನಿಮ್ಮ ಮನೆಗಳಲ್ಲಿ ಈ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆಂದು ನೋಡಬೇಕು.

ನನ್ನ ಗೆಳೆಯರೊಬ್ಬರಿದ್ದಾರೆ. ಮೇಲೆ ಹೇಳಿದ ಪಿಟೀಲು, ಗುಲಾಬಿ, ಕ್ಯಾಮೆರಾಗಳೆಲ್ಲ ಅವರವೇ. ಕೆಲವು ವರ್ಷಗಳ ಹಿಂದೆ ಅವರು ತಾಯಿ, ಹೆಂಡತಿ, ಮಗನನ್ನು ಕರೆದುಕೊಂಡು ಹೊರಟಾಗ ನಾನೂ ಜೊತೆಗಿದ್ದೆ. ಒಂದೇ ಹಗಲಿನಲ್ಲಿ ಅರಸೀಕೆರೆ, ಹಾರನಹಳ್ಳಿ, ಜಾವಗಲ್, ಹಳೇಬೀಡು, ಬೆಳವಾಡಿ, ಬೇಲೂರು. ಪಟ್ಟಿ ಅಚ್ಚುಕಟ್ಟಾಗಿತ್ತು; ನಿಮಿಷಗಳ ಲೆಕ್ಕದವರೆಗೆ ಬರೆದಿದ್ದರು. ಅವರ ಹೆಂಡತಿಗೆ ಬೇಲೂರಿನ ಚೆನ್ನಕೇಶವನಿಗೆ ಹರಕೆಯಿತ್ತು. ಮಗನಿಗೆ, ಜಾವಗಲ್ ಶ್ರೀನಾಥ್ ಅವರ ಹೆಸರಿನ ಹಿಂದಿರುವ ಊರನ್ನು ಒಂದು ಸಲ ಕಾಲಿಂದ ತುಳಿದು ನೋಡಬೇಕೆಂಬ ಆಸೆ. ತಾಯಿಗೆ, ಕೆರೆಯ ದಡದಲ್ಲಿ ಕುಳಿತು ಮೊಸರನ್ನ ತಿನ್ನಬೇಕು. ಆದದ್ದು ಏನು? ಜಾವಗಲ್ಲನ್ನು ಹುಡುಗ ಕಾರಿನ ಕಿಟಕಿಯಿಂದ ನೋಡಿದ. ಹಳೇಬೀಡಿಗೆ ಉರಿಬಿಸಿಲಿನಲ್ಲಿ ತಲಪಿ, ಎಪ್ಪತ್ತು ದಾಟಿದ ತಾಯಿ ಕಾದ ಜಗತಿಯ ಮೇಲೆ ಬರಿಗಾಲಲ್ಲಿ ಕುಣಿಯುವಂತಾಯಿತು. ಬೇಲೂರಿನಲ್ಲಿ ಹರಕೆಗೆ ಐದು ನಿಮಿಷ ದೊರಕಿತು; ಮದನಿಕೆಯರ ಛಾಯಾಚಿತ್ರಗಳಿಗೆ ಒಂದು ಗಂಟೆ. ರಾತ್ರಿ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಕುಳಿತಿದ್ದಾಗ ಆ ತಾಯಿ ಮೆಲ್ಲಗೆ ಹೇಳಿದರು: ‘ಎಲ್ಲಾ ಚೆನ್ನಾಗಿತ್ತು ಕಣಪ್ಪ. ಏನೇನು ನೋಡಿದೆವು ಅಂತ ಒಂದು ಸಲ ಹೇಳಿಬಿಡು, ಊರಲ್ಲಿ ಕೇಳ್ತಾರೆ.’ ಹೆಂಡತಿ ನಕ್ಕರು, ಆದರೆ ಆ ನಗುವಿನ ಕೊನೆಯಲ್ಲಿ ಒಂದು ಮಾತು ಬಂತು: ‘ಇಷ್ಟನ್ನೆಲ್ಲ ಪ್ರೀತಿ ಮಾಡ್ತೀರಲ್ಲ, ನಮ್ಮ ಸರದಿ ಯಾವಾಗ್ರೀ?’

ಗೆಳೆಯರು ಉತ್ತರ ಕೊಡಲಿಲ್ಲ. ಆದರೆ ಆ ಮಾತನ್ನು ಅವರು ಮರೆಯಲೂ ಇಲ್ಲ. ನನ್ನ ಮಟ್ಟಿಗೆ ಇಡೀ ನೀತಿಶಾಸ್ತ್ರ ಆ ಒಂದು ಪ್ರಶ್ನೆಯಲ್ಲಿದೆ. ಹಲವನ್ನು ಪ್ರೀತಿಸುವುದು ದೋಷವಲ್ಲ. ಸರದಿ ತಪ್ಪಿಸುವುದು ದೋಷ. ಕಲ್ಲಿನ ಮದನಿಕೆ ಒಂಬೈನೂರು ವರ್ಷ ಕಾದಿದ್ದಾಳೆ, ಇನ್ನೂ ಕಾಯುತ್ತಾಳೆ. ಮನೆಯ ಮನುಷ್ಯರು ಅಷ್ಟು ಕಾಯಲಾರರು.

ಮರುವರ್ಷ ಅವರು ಮತ್ತೆ ಹೊರಟರು. ಈ ಸಲ ಪಟ್ಟಿ ಮಾಡುವ ಮೊದಲು ಪ್ರತಿಯೊಬ್ಬರನ್ನೂ ಕೂರಿಸಿ ‘ನಿಮಗೆ ಆಗಲೇಬೇಕಾದದ್ದು ಯಾವುದು, ಒಂದೇ ಒಂದು ಹೇಳಿ’ ಎಂದು ಕೇಳಿದರು. ಆ ಒಂದೊಂದನ್ನು ಮೊದಲು ಬರೆದು, ಉಳಿದ ಜಾಗದಲ್ಲಿ ತಮ್ಮ ಆಸೆಗಳನ್ನು ತುಂಬಿದರು. ಆ ಪ್ರವಾಸದ ಕ್ರಮ ನನಗೆ ಬಹಳ ಹಿಡಿಸಿತು. ವಾಚಕರಲ್ಲಿ ಹೊರಡುವವರಿದ್ದರೆ ಉಪಯೋಗವಾದೀತೆಂದು ಹೇಳುತ್ತೇನೆ.

ಹಿಂದಿನ ರಾತ್ರಿ ಬೇಲೂರಿನಲ್ಲೇ ತಂಗುವುದು ಒಳ್ಳೆಯದು. ಅಲ್ಲಿ ನಿತ್ಯ ಪೂಜೆಯುಂಟು, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಸ್ವಲ್ಪ ಹೊತ್ತು ಮುಚ್ಚುವ ರೂಢಿಯೂ ಉಂಟು. ಆದ್ದರಿಂದ ಹರಕೆ ಇದ್ದವರು ಬೆಳಿಗ್ಗೆಯೇ ದರ್ಶನ ಮುಗಿಸಿಕೊಳ್ಳಬೇಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ದೇವರ ಪಕ್ಕದಲ್ಲಿಯೇ ರಾಣಿ ಶಾಂತಲೆ ಮಾಡಿಸಿದ ಚೆನ್ನಿಗರಾಯನ ಗುಡಿಯಿದೆ. ಗಾನ ನೃತ್ಯಗಳೆರಡರಲ್ಲೂ ನುರಿತವಳೆಂದು ಶಾಸನಗಳು ಹೊಗಳುವ ಆ ರಾಣಿಯೂ ಹಲವು ಹುಚ್ಚಿನವಳೇ. ಅಲ್ಲಿಂದ ಹಳೇಬೀಡು 16 ಕಿಲೋಮೀಟರ್. ನಡುಹಗಲಿಗೆ ತಲಪಿದರೆ ನೇರ ದೊಡ್ಡ ಗುಡಿಗೆ ಹೋಗಬೇಡಿ. ಊಟ ಮಾಡಿ, ಬಸ್ತಿಹಳ್ಳಿಯ ಜೈನ ಬಸದಿಗಳ ಒಳಗೆ ಹೋಗಿ ಕುಳಿತುಕೊಳ್ಳಿ. 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕಂಬಗಳಿವೆ, ಮೇಲಾಗಿ ತಂಪು ಇದೆ. ಹೊರಗೆ ಶಿಲ್ಪದ ಗದ್ದಲವಿಲ್ಲದ ಆ ಬಸದಿಗಳ ಮೌನವನ್ನು ಮೊದಲು ಉಂಡವನಿಗೆ, ಆಮೇಲೆ ಹೊಯ್ಸಳೇಶ್ವರದ ಮಾತುಗಾರಿಕೆ ಹೆಚ್ಚು ರುಚಿಸುತ್ತದೆ.

ಬಿಸಿಲು ಇಳಿದ ಮೇಲೆ ದೊಡ್ಡ ಗುಡಿಗೆ ಬನ್ನಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಅದರ ಬೆನ್ನಿನ ಗೋಡೆಯೇ ಶಿಲ್ಪದ ಭಂಡಾರ. ಸಂಜೆಯ ಓರೆ ಬೆಳಕು ಆ ಗೋಡೆಯ ಮೇಲೆ ಬಿದ್ದಾಗ, ನಡುಹಗಲಿನಲ್ಲಿ ಮಂಕಾಗಿದ್ದ ಬಳಪದ ಕಲ್ಲಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಜೋಡು ಬಿಟ್ಟು ನಡೆಯಬೇಕಾದ್ದರಿಂದ ವಯಸ್ಸಾದವರಿಗೆ ದಪ್ಪ ಕಾಲುಚೀಲವಿರಲಿ. ಕ್ಯಾಮೆರಾ ಇದ್ದವರು ಮೊದಲ ಸುತ್ತನ್ನು ಬರಿಗೈಯಲ್ಲಿ ಹಾಕಲಿ. ಯಾವುದು ಬೇಕೆಂದು ಕಣ್ಣು ಹೇಳಿದ ಮೇಲೆ ಯಂತ್ರ ಹೊರತೆಗೆಯಲಿ. ಮಕ್ಕಳಿಗೆ ಆನೆಯ ಸಾಲನ್ನು ಒಪ್ಪಿಸಿಬಿಡಿ, ಒಂದರಂತೆ ಇನ್ನೊಂದು ಆನೆಯನ್ನು ಹುಡುಕಿಕೊಡು ಎನ್ನಿ. ಅವರ ಗಲಾಟೆ ತಾನಾಗಿ ನಿಲ್ಲುತ್ತದೆ. ಕತ್ತಲಾಗುವ ಮುನ್ನ ದೋರಸಮುದ್ರದ ಕೆರೆಯ ಕಡೆ ನಡೆದು ಬುತ್ತಿ ಬಿಚ್ಚಿ. ಮರುದಿನ ಬೆಳಿಗ್ಗೆ, ಎರಡನೆಯ ಬಲ್ಲಾಳನ ಕಾಲದ ಕೇದಾರೇಶ್ವರ ಗುಡಿಯನ್ನು ಕಂಡು, ಜಾವಗಲ್ಲಿನಲ್ಲಿ ಅರ್ಧ ಗಂಟೆ ಇಳಿದು, ಅರಸೀಕೆರೆಗೆ ಹೋಗಿ 1220ರ ಸುಮಾರಿನ ಈಶ್ವರ ಗುಡಿಯ ನಕ್ಷತ್ರದಾಕಾರದ ಮಂಟಪವನ್ನು ನೋಡಿ, ರೈಲು ಹಿಡಿಯಬಹುದು. ಹಾರನಹಳ್ಳಿ, ಬೆಳವಾಡಿಗಳನ್ನು ಈ ಸಲಕ್ಕೆ ಬಿಡಿ. ಒಂದೆರಡು ಊರು ಬಿಟ್ಟು ಬಂದವನಿಗೆ ಮತ್ತೆ ಹೋಗುವ ಕಾರಣ ಉಳಿದಿರುತ್ತದೆ.

‘ಬಿಡುವುದು’ ಎಂದೆ. ಹಲವು ಹವ್ಯಾಸಗಳವನ ಮೇಲಿರುವ ಇನ್ನೊಂದು ದೂರು ಇದೇ: ಹಿಡಿದದ್ದನ್ನು ಮುಗಿಸದೆ ಬಿಡುತ್ತಾನೆ ಎಂಬುದು. ಇಲ್ಲಿಯೂ ಹಳೇಬೀಡು ಸಾಕ್ಷಿ ಹೇಳಬಲ್ಲದು. ಹನ್ನೆರಡನೆಯ ಶತಮಾನದಲ್ಲಿ, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಿಂದ ಎದ್ದ ಈ ಗುಡಿಯ ನೆತ್ತಿಯ ಮೇಲೆ ಇಂದು ಶಿಖರವಿಲ್ಲ. ಉಳಿ ಪೂರ್ತಿ ಮುಟ್ಟದ ಕಲ್ಲುಗಳೂ ಗೋಡೆಯಲ್ಲಿವೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಮುಂದೆ ತುಘಲಕನ ದಂಡೂ ಬಂತು; ರಾಜಧಾನಿ ಹಾಳಾಗಿ ಹಳೆಯ ಬೀಡಾಯಿತು. ಆದರೂ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಳ್ಳುವಾಗ ‘ಶಿಖರ ಎಲ್ಲಿ?’ ಎಂಬುದು ಅಡ್ಡಿಯಾಗಲಿಲ್ಲ. ಆದ ಕೆಲಸದಲ್ಲಿ ಪ್ರಾಣವಿದ್ದರೆ ಆಗದ ಕೆಲಸವನ್ನು ಲೋಕ ಕ್ಷಮಿಸುತ್ತದೆ.

ಆದರೆ ಇದನ್ನು ಸೋಮಾರಿಯ ಗುರಾಣಿ ಮಾಡಿಕೊಳ್ಳಬಾರದು. ನನ್ನ ಸಂತೋಷಕ್ಕೆಂದು ಹಿಡಿದ ಪಿಟೀಲನ್ನು ನಾನು ಗೂಡಿಗೆ ಹಾಕಿದರೆ ನಷ್ಟ ನನ್ನದು; ಯಾರೂ ನನ್ನನ್ನು ಪ್ರಶ್ನಿಸಬೇಕಾದ್ದಿಲ್ಲ. ಮಗನಿಗೆ ಜಾವಗಲ್ ತೋರಿಸುತ್ತೇನೆಂದು ಮಾತು ಕೊಟ್ಟು ಕಾರು ನಿಲ್ಲಿಸದೆ ಹೋದರೆ ಅದು ಬೇರೆ ಬಗೆಯ ಅಪೂರ್ಣತೆ. ನೀರು ಹಾಕುವವರಿಲ್ಲದೆ ಒಣಗುವ ಗುಲಾಬಿಯೂ ಅದೇ ಜಾತಿಗೆ ಸೇರಿದ್ದು, ಏಕೆಂದರೆ ಅದಕ್ಕೂ ಜೀವವಿದೆ. ನಮ್ಮ ಹುಚ್ಚುಗಳಲ್ಲಿ ಯಾವುವು ನಮಗೆ ಮಾತ್ರ ಸೇರಿದ್ದು, ಯಾವುದರ ತುದಿಯನ್ನು ಇನ್ನೊಬ್ಬರು ಹಿಡಿದು ನಿಂತಿದ್ದಾರೆ ಎಂದು ಬೇರ್ಪಡಿಸಿಕೊಳ್ಳುವುದೇ ವಿವೇಕ. ಮೊದಲನೆಯ ಗುಂಪಿನಲ್ಲಿ ಎಷ್ಟು ಬೇಕಾದರೂ ಆರಂಭಿಸಿ, ಎಷ್ಟು ಬೇಕಾದರೂ ಬಿಡಿ. ಎರಡನೆಯ ಗುಂಪಿನಲ್ಲಿ ಕಡಿಮೆ ಆರಂಭಿಸಿ, ಆರಂಭಿಸಿದ್ದನ್ನು ಮುಗಿಸಿ.

ಹಾಗಾದರೆ ಒಂದರಲ್ಲಿ ನಿಲ್ಲದವನ ಬಗ್ಗೆ ನಮ್ಮ ತೀರ್ಪೇನು? ಅವನು ಎಷ್ಟು ಹವ್ಯಾಸಗಳನ್ನು ಇಟ್ಟುಕೊಂಡಿದ್ದಾನೆಂದು ಎಣಿಸುವುದನ್ನು ನಾವು ಬಿಡಬೇಕು. ಅವನ ಹುಚ್ಚುಗಳು ಒಂದರ ಬುತ್ತಿಯನ್ನು ಇನ್ನೊಂದಕ್ಕೆ ಕೊಡುತ್ತವೆಯೆ, ಅವನ ಗೋಡೆಯಲ್ಲಿ ಆನೆ ತಳದಲ್ಲಿದೆಯೆ, ಜೊತೆಯವರಿಗೆ ಸರದಿ ಸಿಕ್ಕಿದೆಯೆ ಎಂದು ಕೇಳಬೇಕು. ಮೂರಕ್ಕೂ ಹೌದೆನ್ನುವಂತಿದ್ದರೆ ಅವನನ್ನು ಚಂಚಲನೆಂದು ಕರೆಯುವ ಹಕ್ಕು ನಮಗಿಲ್ಲ. ಅವನ ಮನೆಯಲ್ಲಿ ಬೇಸರಕ್ಕೆ ಜಾಗವಿರುವುದಿಲ್ಲ, ಅವನ ಜೊತೆ ಹೋದ ಪ್ರವಾಸ ಬಹುಕಾಲ ನೆನಪಿನಲ್ಲಿರುತ್ತದೆ.

ಹೊರಡುವವರಿಗೆ ಕೊನೆಯದಾಗಿ ಒಂದು ಮಾತು. ಊರುಗಳ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಜೊತೆಯವರ ಹೆಸರುಗಳನ್ನು ಶಾಯಿಯಲ್ಲಿ ಬರೆಯಿರಿ. ಅಳಿಸಬೇಕಾಗಿ ಬಂದಾಗ ಯಾವುದನ್ನು ಅಳಿಸಬೇಕೆಂಬ ಸಂದೇಹ ಬಾರದು.